ಕಡತಗಳ ನಡುವೆ ಕಥೆ ಬರೆಯಲು ಮನಸ್ಸು ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ ನಾನು. ವಯಸ್ಸು 34. ಕಾಲೇಜಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ. ಈಗ ರಾತ್ರಿ ಮಗು ಮಲಗಿದ ಮೇಲೆ ಬರೆಯೋಣವೆಂದು ಕೂತರೆ ತಲೆ ತುಂಬ ಕಚೇರಿ. ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಹಗಲಿನ ಕೆಲಸಕ್ಕೂ ಅರ್ಥವಿಲ್ಲ ಅನ್ನಿಸುತ್ತಿದೆ. ದಿನಾ ಮೂರು ಕೃತಜ್ಞತೆ ಬರೆದಿಡು ಎಂದು ಗೆಳತಿ ಹೇಳಿದಳು. ಸ್ವಲ್ಪ ದಿನಕ್ಕೇ ಅದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತಾಗಿ ಬಿಟ್ಟೆ. ನನ್ನಲ್ಲೇ ಏನಾದರೂ ಕೊರತೆಯಿದೆಯೇ?
– ಹೆಸರು, ಊರು ಬೇಡ

ಉತ್ತರ: ಡೈರಿ ಬಿಟ್ಟದ್ದಕ್ಕೆ ನೊಂದುಕೊಳ್ಳಬೇಡಿ. ಈ ಅಭ್ಯಾಸ ಹೆಸರಾದದ್ದು 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್, ಮೈಕೆಲ್ ಮೆಕಲಾ ಪ್ರಕಟಿಸಿದ ಅಧ್ಯಯನದಿಂದ. ಅವರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೊಮ್ಮೆ ಮಾತ್ರ. ಮುಂದೆ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದವರು ಹೋಲಿಸಿ ನೋಡಿದಾಗಲೂ ವಾರಕ್ಕೊಮ್ಮೆ ಬರೆದವರಿಗೆ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ಹಾಗಾಗಿ ಭಾನುವಾರ ಒಂದು ದಿನ ಸಾಕು. ‘ಆರೋಗ್ಯ, ಮನೆ, ಮಗು’ ಎಂಬ ಪಟ್ಟಿಯೂ ಬೇಡ. ಒಬ್ಬರು, ಅವರು ಮಾಡಿದ ಒಂದು ಕೆಲಸ: ‘ಸರ್ವರ್ ಕೈಕೊಟ್ಟ ದಿನ ಆಪರೇಟರ್ ಊಟಕ್ಕೂ ಏಳದೆ ನನ್ನ ಅರ್ಜಿಗಳನ್ನು ಮುಗಿಸಿಕೊಟ್ಟ.’ ಸೋಮವಾರ ಅದನ್ನು ಅವನಿಗೇ ಹೇಳಿ. ಆದರೆ ಪಕ್ಕದ ಟೇಬಲ್ಲಿನ ಕೆಲಸವನ್ನೂ ನಿಮ್ಮ ತಲೆಗೇ ಕಟ್ಟುತ್ತಿದ್ದರೆ ಅದಕ್ಕೆ ಕೃತಜ್ಞತೆ ಮದ್ದಲ್ಲ. ಶಿರಸ್ತೇದಾರರ ಹತ್ತಿರ ಹೋಗಿ ಮಾತಾಡಬೇಕು.

ಇನ್ನು ಕೆಲಸದ ಅರ್ಥದ ಮಾತು. ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೇಳಿ ದಿನವಿಡೀ ಫೋನ್ ಮಾಡುವ, ಬೈಸಿಕೊಳ್ಳುವ ನೌಕರರು. ಆ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಅವರಲ್ಲಿ ಕೆಲವರಿಗೆ ಕೆಲವೇ ನಿಮಿಷ ಭೇಟಿ ಮಾಡಿಸಿದರು. ತಿಂಗಳಾದ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ಇಮ್ಮಡಿಗೂ ಮೀರಿತ್ತು. ಸಂಬಳ ಅದೇ, ಕೆಲಸ ಅದೇ. ಯಾರಿಗಾಗಿ ಎಂಬುದು ಮಾತ್ರ ಕಣ್ಣಿಗೆ ಬಿದ್ದಿತ್ತು.

ನಿಮಗೆ ಇದನ್ನು ಯಾರೂ ಏರ್ಪಡಿಸಬೇಕಾಗಿಲ್ಲ, ಜನ ನಿಮ್ಮ ಮುಂದೆಯೇ ನಿಂತಿರುತ್ತಾರೆ. ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ ಆಧಾರ್ ಜೆರಾಕ್ಸು, ಪಾಸ್‌ಬುಕ್ಕು ಒಂದೊಂದಾಗಿ ಮೇಜಿನ ಮೇಲಿಡುವ ಅಜ್ಜಿಗೆ ವಿಧವಾ ವೇತನ ಮಂಜೂರಾದ ಮೇಲೆ ನೀವು ಅವರನ್ನು ಮತ್ತೆ ಕಾಣುವುದಿಲ್ಲ. ಕಡತ ಮುಗಿಯುತ್ತದೆ, ಫಲ ಕಾಣುವುದಿಲ್ಲ. ಬೇಸರದ ಬೇರು ಬಹುಮಟ್ಟಿಗೆ ಇಲ್ಲೇ ಇದೆ ಎಂದು ನನ್ನ ಅಂದಾಜು. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕಾಗ ‘ದುಡ್ಡು ಬರ್ತಾ ಇದೆಯಾ ಅಜ್ಜಿ?’ ಅಂತ ಕೇಳಿ.

ನಿಮ್ಮ ಕಥೆಯೂ ಅಲ್ಲೇ ಇದೆ. ಮಾಸ್ತಿಯವರು ಸಣ್ಣ ಕಥೆಗಳ ಸಂಗ್ರಹಗಳನ್ನು ತಂದದ್ದು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಇದ್ದುಕೊಂಡೇ. 1914ರಲ್ಲಿ ಸೇರಿದವರು ರಾಜೀನಾಮೆ ಕೊಟ್ಟದ್ದು 1943ರಲ್ಲಿ. ಕಚೇರಿ ಅವರ ಬರವಣಿಗೆಗೆ ಅಡ್ಡ ಬರಲಿಲ್ಲ. ಅರ್ಜಿದಾರರ ಹೆಸರು, ಊರು ಮಾತ್ರ ಕಥೆಯೊಳಗೆ ನುಸುಳದಂತೆ ನೋಡಿಕೊಳ್ಳಿ.

ತಲೆ ತುಂಬ ಕಚೇರಿ ಅಂದಿರಿ. ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸಕ್ಕೂ ಮನಸ್ಸಿನಲ್ಲಿ ಅಂಟಿಕೊಂಡೇ ಬರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದಾರೆ. ಎಲ್ಲಿ ನಿಲ್ಲಿಸಿದೆ, ನಾಳೆ ಎಲ್ಲಿಂದ ಹಿಡಿಯಬೇಕು ಎಂದು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂಬುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು. ಬೀರುವಿಗೆ ಬೀಗ ಹಾಕುವ ಮುನ್ನ ಎರಡು ಸಾಲು ಗೀಚಿ: ‘ಪಿಂಚಣಿ ಕಡತ: ಗ್ರಾಮ ಆಡಳಿತಾಧಿಕಾರಿ ವರದಿ ಬಂದಿಲ್ಲ, ಬೆಳಿಗ್ಗೆ ಮೊದಲು ಫೋನ್.’ ಕಥೆಗೂ ಹೀಗೇ ಮಾಡಿ, ಮುಂದಿನ ಸಾಲು ಏನೆಂದು ಗೊತ್ತಿರುವಾಗಲೇ ಪೆನ್ನು ಕೆಳಗಿಡಿ. ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ಇಪ್ಪತ್ತು ನಿಮಿಷ ಸಿಕ್ಕರೂ ಸಾಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೆಯಿರಿ ಎಂದು ನಾನು ಹೇಳಲಾರೆ. ಹಾಗೆ ಹೇಳುವವರ ಮನೆಯಲ್ಲಿ ತಿಂಡಿ ಯಾರು ಮಾಡುತ್ತಾರೋ!

ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಮಗುವಿನ ಆಟ ಯಾವುದೂ ಬೇಡವೆನ್ನಿಸಿದರೆ ಮಾತು ಬೇರೆ. ಆಗ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಿವೃತ್ತ ಶಿಕ್ಷಕ. ನೆನಪುಗಳನ್ನು ಬರೆಯಬೇಕೆಂದಿದೆ. ದಿನಕ್ಕೆ ಎಷ್ಟು ಪುಟ ಬರೆಯಬೇಕು?

ಉತ್ತರ: ಪುಟದ ಲೆಕ್ಕ ಆಮೇಲೆ ನೋಡೋಣ ಮೇಷ್ಟ್ರೇ. ಇದನ್ನು ಮೊದಲು ಓದುವವರು ಯಾರು? ಮೊಮ್ಮಗಳೆಂದಾದರೆ ವರ್ಗಾವಣೆ ಆದೇಶಗಳ ದಿನಾಂಕ ಅವಳಿಗೆ ಬೇಡ. ಮಳೆಗೆ ಸೋರುವ ಶಾಲೆಯಲ್ಲಿ ಮಕ್ಕಳನ್ನು ಎಲ್ಲಿ ಕೂರಿಸುತ್ತಿದ್ದಿರಿ ಎಂಬುದು ಬೇಕು. ಆ ಒಂದು ಪುಟ ಬರೆದು ಅವಳಿಂದಲೇ ಗಟ್ಟಿಯಾಗಿ ಓದಿಸಿ. ಅವಳು ಎಲ್ಲಿ ನಿಲ್ಲಿಸಿ ‘ಆಮೇಲೆ?’ ಅನ್ನುತ್ತಾಳೋ ಎರಡನೆಯ ಪುಟವನ್ನು ಅಲ್ಲಿಂದ ಶುರು ಮಾಡಿ.