ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಹೊಸದು ಅಂದರೆ ಜಮೀನಿನ ಗುತ್ತಿಗೆ ಪತ್ರ

ಪರಿಸರಕ್ಕೆ ಒಳ್ಳೆಯದಾಗುವ ಹೊಸ ಐಡಿಯಾ ಕರ್ನಾಟಕದಲ್ಲಿ ಏನಾದರೂ ಹುಟ್ಟಿದೆಯಾ, ಇಲ್ಲ ಹೊರಗಿನ ಮಷೀನ್ ತಂದು ಜೋಡಿಸೋದೇ ನಮ್ಮ ಕೆಲಸವಾ ಅಂತ ಕೇಳಿದ್ದೀರಿ. ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ವಿಷಯ ಬೇಕು ಅಂತಲೂ ಬರೆದಿದ್ದೀರಿ.

ನಾನು ತುಮಕೂರು ಜಿಲ್ಲೆಯವನು, ಹಾಗಾಗಿ ಪಾವಗಡದ ಸೋಲಾರ್ ಪಾರ್ಕ್ ಬಗ್ಗೆಯೇ ಹೇಳುತ್ತೇನೆ. 2050 ಮೆಗಾವ್ಯಾಟ್, ಸುಮಾರು 13,000 ಎಕರೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಅಂತ ಐದು ಹಳ್ಳಿಗಳ ಜಮೀನು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ ಪೂರ್ತಿ ಸಾಮರ್ಥ್ಯಕ್ಕೆ ಬಂತು. ಪ್ಯಾನೆಲ್‌ನಲ್ಲಿ ನಮ್ಮದು ಅನ್ನುವಂಥದ್ದು ಏನೂ ಇಲ್ಲ ಬಿಡಿ. ಅದೇ ಪ್ಯಾನೆಲ್ ರಾಜಸ್ಥಾನದಲ್ಲೂ ಇದೆ.

ಹೊಸದು ಇರೋದು ಜಮೀನಿನ ವಿಷಯದಲ್ಲಿ. ನಮ್ಮಲ್ಲಿ ದೊಡ್ಡ ಯೋಜನೆ ಅಂದರೆ ಭೂಸ್ವಾಧೀನ, ಆಮೇಲೆ ಪರಿಹಾರಕ್ಕೆ ಕೋರ್ಟು, ಅಷ್ಟರಲ್ಲಿ ಅರ್ಧ ಆಯಸ್ಸು ಮುಗಿದಿರುತ್ತದೆ, ಅಲ್ವಾ? ಇಲ್ಲಿ ಜಮೀನು ಕೊಂಡುಕೊಳ್ಳಲೇ ಇಲ್ಲ. ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ 2015ರಲ್ಲಿ ಕಟ್ಟಿದ ಒಂದು ಕಂಪನಿ ರೈತರಿಂದ ಅದನ್ನು 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಶೇ. 5 ಜಾಸ್ತಿ. ರಸ್ತೆ, ಸಬ್‌ಸ್ಟೇಷನ್ ಎಲ್ಲ ಆ ಕಂಪನಿಯೇ ಮಾಡಿಸಿ, ಜಾಗವನ್ನು ತುಂಡು ತುಂಡು ಮಾಡಿ ವಿದ್ಯುತ್ ಉತ್ಪಾದಕರಿಗೆ ಹಂಚಿತು. ಪಹಣಿಯಲ್ಲಿ ಹೆಸರು ರೈತನದೇ.

ಪಾವಗಡ ಅಂದರೆ ಬರ ಅಂತಲೇ ಲೆಕ್ಕ. ಬೋರ್ ಕೊರೆಸಿದರೆ ನೀರಿಲ್ಲ, ಬಂದರೂ ಫ್ಲೋರೈಡ್. ಮಳೆ ನಂಬಿ ಶೇಂಗಾ ಹಾಕಿ, ಬಿತ್ತಿದ ಬೀಜದ ದುಡ್ಡೂ ವಾಪಸ್ ಬರದ ವರ್ಷಗಳೇ ಜಾಸ್ತಿ. ಅಂಥ ಕಡೆ ಐದು ಎಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ ಶುರುವಿನಲ್ಲೇ ವರ್ಷಕ್ಕೆ 1,05,000 ರೂಪಾಯಿ ಅಂದರೆ ಸುಮ್ನೆ ಮಾತಲ್ಲ.

ಆದರೆ ಈ ಗುತ್ತಿಗೆ ಪತ್ರದಲ್ಲಿ ತೂತುಗಳೂ ಇವೆ. ಎರಡು ವರ್ಷಕ್ಕೆ ಶೇ. 5 ಅಂದರೆ ವರ್ಷಕ್ಕೆ ಎರಡೂವರೆ. ಬೆಲೆ ಅದಕ್ಕಿಂತ ಬೇಗ ಏರುತ್ತದೆ, ಹಾಗಾಗಿ ಬಾಡಿಗೆ ಏರಿದಂತೆ ಕಂಡರೂ ಕೈಗೆ ಬರೋದು ವರ್ಷ ವರ್ಷ ಕರಗುತ್ತದೆ. ತಾತನ ಹೆಸರಲ್ಲೇ ಖಾತೆ ಉಳಿದ, ಅಣ್ಣತಮ್ಮಂದಿರಲ್ಲಿ ಭಾಗ ಆಗದ ಜಮೀನಾದರೆ ಮೊದಲು ಆ ಗಂಟು ಬಿಡಿಸಿಕೊಳ್ಳಬೇಕು. ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿಕೊಂಡಿದ್ದವರಿಗೆ ಕಾಗದ ಇಲ್ಲ, ಬಾಡಿಗೆಯೂ ಇಲ್ಲ. ಇನ್ನು ಜಮೀನೇ ಇಲ್ಲದವರು. ಶೇಂಗಾ ಕೀಳೋಕೆ, ಕಳೆ ತೆಗೆಯೋಕೆ ಕೂಲಿಗೆ ಹೋಗುತ್ತಿದ್ದ ಹೆಂಗಸರು, ಕುರಿ ಮೇಯಿಸುತ್ತಿದ್ದವರು. ಕೂಲಿ ಹೋಯಿತು, ಬೇಲಿ ಬಂತು. ಪಾರ್ಕ್‌ನಲ್ಲಿ ಸಿಗುವ ಕೆಲಸ ಅಂದರೆ ಸೆಕ್ಯೂರಿಟಿ, ಹುಲ್ಲು ಕತ್ತರಿಸೋದು, ಪ್ಯಾನೆಲ್ ತೊಳೆಯೋದು, ಅದೂ ಕೆಲವರಿಗೆ ಮಾತ್ರ. ಇದನ್ನು ಹೇಳದೆ ಪಾವಗಡವನ್ನು ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ರೇಗುತ್ತದೆ.

ಹಾಗಂತ ಮಾದರಿಯೇ ತಪ್ಪು ಅಂತ ನನಗನ್ನಿಸುವುದಿಲ್ಲ. ಸ್ವಾಧೀನ ಮಾಡಿಕೊಂಡು ಒಂದೇ ಸಲ ದುಡ್ಡು ಕೊಟ್ಟು ಕಳಿಸೋದಕ್ಕಿಂತ ಇದು ಎಷ್ಟೋ ಮೇಲು. ಬಾಡಿಗೆಯನ್ನು ಬೆಲೆಯೇರಿಕೆಗೆ ಕಟ್ಟಿಹಾಕಿ, ಊರಿನ ಭೂಹೀನ ಮನೆಗಳಿಗೂ ಒಂದು ಪಾಲು ಅಂತ ಬರೆಯೋಕೆ ಯಾವ ಹೊಸ ತಂತ್ರಜ್ಞಾನವೂ ಬೇಡ.

ಈಗ ನಿಮ್ಮ ಪ್ರಾಜೆಕ್ಟ್ ವಿಷಯಕ್ಕೆ ಬರೋಣ. ನೀರಿಲ್ಲದ ತಾಲೂಕಿನಲ್ಲಿ ನೀರು ಹಾಕಿ ಪ್ಯಾನೆಲ್ ತೊಳೀತಾರೆ, ಧೂಳು ಕೂತರೆ ಕರೆಂಟ್ ಕಡಿಮೆ ಆಗುತ್ತಲ್ಲ, ಅದಕ್ಕೆ. ನೀರಿಲ್ಲದೆ ಬ್ರಷ್‌ನಲ್ಲೇ ಒರೆಸುವ ರೋಬೋಟ್‌ಗಳು ಈಗಾಗಲೇ ಇವೆ, ಆದರೆ ಅವು ದೊಡ್ಡ ಕಂಪನಿಗಳ ಸಾಮಾನು. ಒಂದು ಸ್ವಸಹಾಯ ಸಂಘ ಕೊಂಡುಕೊಂಡು, ತಾವೇ ರಿಪೇರಿ ಮಾಡಿಕೊಂಡು, ಒರೆಸುವ ಗುತ್ತಿಗೆ ಹಿಡಿಯುವಷ್ಟು ಅಗ್ಗದ್ದನ್ನು ಮಾಡೋಕಾಗುತ್ತಾ ನೋಡಿ. ಇನ್ನೊಂದು, ಪ್ಯಾನೆಲ್‌ಗಳನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ ಕೆಳಗೆ ಕುರಿ ಬಿಡೋದು. ಬೇರೆ ದೇಶಗಳಲ್ಲಿ ಮಾಡುತ್ತಾರೆ, ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತದೆ. ನಮ್ಮಲ್ಲಿ ಕುರಿಗಿಂತ ಮೇಕೆ ಕಷ್ಟ, ಹತ್ತಿಬಿಡುತ್ತೆ, ವೈರ್ ಬೇರೆ ಕಡಿಯುತ್ತೆ. ಎತ್ತರ, ಕಂಬದ ಕಬ್ಬಿಣದ ಖರ್ಚು, ಗಾಳಿಯ ಒತ್ತಡ, ಇವು ಮೂರನ್ನೂ ಪಾವಗಡದ ಅಳತೆಗೆ ಲೆಕ್ಕ ಹಾಕಿ ಕೊಟ್ಟರೂ ಸಾಕು, ಫೈನಲ್ ಇಯರ್‌ಗೆ ಒಳ್ಳೆ ಕೆಲಸ ಆಗುತ್ತದೆ. ಶುರು ಮಾಡುವ ಮುಂಚೆ ತಿರುಮಣಿಗೆ ಹೋಗಿ ಕುರಿ ಇಟ್ಟವರ ಹತ್ತಿರ ಮಾತಾಡಿ.