ಪಾಲಿಕೆಯ ಫೇಸ್‌ಬುಕ್ ನೋಡಿಕೊಳ್ಳುವ ಕೆಲಸ: ನೀವು ಕೇಳಿದ್ದೀರಿ

ಪಾಲಿಕೆ, ನಗರಸಭೆ, ಜಿಲ್ಲಾ ಪಂಚಾಯತ್‌ಗಳಲ್ಲಿ ಫೇಸ್‌ಬುಕ್, ಎಕ್ಸ್, ವಾಟ್ಸ್‌ಆ್ಯಪ್ ಚಾನೆಲ್ ನೋಡಿಕೊಳ್ಳುವ ಕೆಲಸದ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬರೆದವರ ಹೆಸರು ಹಾಕಿಲ್ಲ.

ಪತ್ರಿಕೋದ್ಯಮದಾಗ ಡಿಗ್ರಿ ಮುಗಿಸೀನ್ರಿ. ಕೆಪಿಎಸ್‌ಸಿ, ಕೆಇಎ ವೆಬ್‌ಸೈಟ್ ದಿನಾ ನೋಡತೀನಿ. ಸೋಷಿಯಲ್ ಮೀಡಿಯಾ ಹುದ್ದೆ ಒಂದೂ ಕಾಣವಲ್ದು. ಎಲ್ಲಿ ಕರೀತಾರ?
— ಪದವೀಧರೆ, ಮುದ್ದೇಬಿಹಾಳ

ಅಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಈ ಕೆಲಸ ಖಾಯಂ ಹುದ್ದೆಯಾಗಿ ಬರುವುದು ಬಲು ಅಪರೂಪ. ಹೆಚ್ಚಿನದು ಹೊರಗುತ್ತಿಗೆ. ಹೊರಗುತ್ತಿಗೆಯಲ್ಲಿ ಕಚೇರಿ ನಿಮ್ಮನ್ನು ಕರೆಯುವುದಿಲ್ಲ, ಏಜೆನ್ಸಿಯನ್ನು ಕರೆಯುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ನೇಮಕಾತಿ ಪ್ರಕಟಣೆಯನ್ನಲ್ಲ, ಟೆಂಡರ್ ಪ್ರಕಟಣೆಯನ್ನು.

ರಾಜ್ಯದ ಸರ್ಕಾರಿ ಟೆಂಡರ್‌ಗಳು ಕೆಪಿಪಿಪಿ, ಅಂದರೆ ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ಬರುತ್ತವೆ. ಅಲ್ಲಿ ನಿಮ್ಮ ಪಾಲಿಕೆ ಅಥವಾ ಜಿಲ್ಲಾ ಪಂಚಾಯತ್ ಹೆಸರು ಹಾಕಿ, 'ಮಾನವ ಸಂಪನ್ಮೂಲ ಪೂರೈಕೆ' ಎಂಬ ಅರ್ಥದ ಟೆಂಡರ್‌ಗಳನ್ನು ತೆರೆಯಿರಿ. 'ಸೋಷಿಯಲ್ ಮೀಡಿಯಾ' ಎಂದು ಮಾತ್ರ ಹುಡುಕಿದರೆ ತಪ್ಪಿಹೋಗುತ್ತದೆ. ಎಷ್ಟೋ ಕಡೆ ಈ ಕೆಲಸ ಮಾಡುವವರನ್ನು ಕಾಗದದ ಮೇಲೆ 'ಡಾಟಾ ಎಂಟ್ರಿ ಆಪರೇಟರ್' ಎಂದೇ ತೋರಿಸಿರುತ್ತಾರೆ. ಟೆಂಡರ್ ಯಾರಿಗೆ ಆಯಿತು ಎಂದು ತಿಳಿದ ಮೇಲೆ ಬಯೋಡೇಟಾ ಹಿಡಿದು ಆ ಏಜೆನ್ಸಿಗೇ ಹೋಗಿ, ಅದಕ್ಕೆ ಕಾರ್ಯಾದೇಶ (ವರ್ಕ್ ಆರ್ಡರ್) ಕೈಸೇರಿದ ವಾರದಲ್ಲೇ ಹೋದರೆ ಒಳ್ಳೆಯದು. ಜಾಗ ಭರ್ತಿಯಾಗುವುದೇ ಆಗ.

ಇನ್ನೊಂದು ದಾರಿ ಯೋಜನೆಗಳದು. ಸ್ವಚ್ಛ ಭಾರತ, ಜಲಜೀವನ, ಉದ್ಯೋಗ ಖಾತರಿ ಇಂಥ ಯೋಜನೆಗಳಲ್ಲಿ ಐಇಸಿ, ಅಂದರೆ ಮಾಹಿತಿ, ಶಿಕ್ಷಣ, ಸಂವಹನಕ್ಕೆಂದೇ ಹಣ ಇರುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳಲ್ಲಿ 'ಐಇಸಿ ಸಂಯೋಜಕರು' ಎಂದು ತೆಗೆದುಕೊಳ್ಳುವುದು ಇದರಡಿ. ರೀಲ್ಸ್ ಮಾಡುವುದಲ್ಲದೆ ಗ್ರಾಮಸಭೆಗೂ ಹೋಗಬೇಕಾಗುತ್ತದೆ, ಅದಕ್ಕೆ ತಯಾರಿರಿ. ಜಿಲ್ಲೆಯ ಅಧಿಕೃತ ಜಾಲತಾಣದ 'ನೇಮಕಾತಿ' ವಿಭಾಗವನ್ನೂ ಜಿಲ್ಲಾ ಪಂಚಾಯತ್ ನೋಟಿಸ್ ಬೋರ್ಡನ್ನೂ ವಾರಕ್ಕೊಮ್ಮೆ ನೋಡಿ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಅಪ್ರೆಂಟಿಸ್ ಅವಕಾಶ ಕರೆಯುವುದುಂಟು. ನಿಮಗೆ ಅನ್ವಯಿಸಿದರೆ ಬಿಡಬೇಡಿ. ಸರ್ಕಾರಿ ಸುದ್ದಿ ಹೇಗೆ ತಯಾರಾಗುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿ ಬೇರೊಂದಿಲ್ಲ.

ವಿಜಯಪುರಕ್ಕೆ 371(ಜೆ) ಮೀಸಲಾತಿ ಬರುತ್ತದೆಯೇ? ಅರ್ಜಿಯಲ್ಲಿ ಆ ಕಾಲಂ ಇದೆ.
— ಇಂಡಿ

ಇಲ್ಲ. ಸಂವಿಧಾನದ ಆ ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಹಳೆಯ ಮುಂಬಯಿ ಪ್ರಾಂತ್ಯದಿಂದ ಬಂದವು, ಇಂದು ಬೆಳಗಾವಿ ವಿಭಾಗದಲ್ಲಿವೆ. ಪಕ್ಕದ ಕಲಬುರಗಿ, ಯಾದಗಿರಿಯವರಿಗೆ ಇದೆ, ನಮಗಿಲ್ಲ. ಕಾಲಂನಲ್ಲಿ 'ಇಲ್ಲ' ಎಂದೇ ತುಂಬಿ. 'ಹೌದು' ಎಂದು ಹಾಕಿದರೆ ದಾಖಲೆ ಪರಿಶೀಲನೆಯ ದಿನ ಅರ್ಜಿ ಬಿದ್ದುಹೋಗುತ್ತದೆ.

ಏಜೆನ್ಸಿಯವರೆಂದು ಒಬ್ಬರು ಫೋನ್ ಮಾಡಿದ್ದರು. ಪಾಲಿಕೆಯಲ್ಲಿ ಜಾಗ ಖಾಲಿ ಇದೆ, 25,000 ಡಿಪಾಸಿಟ್ ಕಟ್ಟಿದರೆ ಆರ್ಡರ್ ಕೊಡುತ್ತೇವೆ ಅಂತಾರೆ.
— ಜಮಖಂಡಿ

ಕಟ್ಟಬೇಡಿ. ಏಜೆನ್ಸಿಗೆ ಸೇವಾ ಶುಲ್ಕ ಕೊಡುವುದು ಕಚೇರಿ, ಕೆಲಸಗಾರರಲ್ಲ. ಟೆಂಡರ್ ಸಂಖ್ಯೆ, ಕಾರ್ಯಾದೇಶದ ಸಂಖ್ಯೆ ಮತ್ತು ದಿನಾಂಕ, ಇವೆರಡನ್ನು ಕೇಳಿ. ನಿಜವಾದ ಏಜೆನ್ಸಿ ಎರಡನ್ನೂ ಕೊಡುತ್ತದೆ. ಅವನ್ನು ಬರೆದುಕೊಂಡು ಕಚೇರಿಯ ಆಡಳಿತ ಶಾಖೆಯಲ್ಲಿ ತೋರಿಸಿದರೆ ಹತ್ತು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಈಗಾಗಲೇ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಅವರ ಖಾತೆಯಲ್ಲೇ ಇದ್ದರೆ ತಡೆಹಿಡಿಸಬಹುದು, ಮುಂದಿನ ಖಾತೆಗೆ ದಾಟಿದ ಮೇಲೆ ಕಷ್ಟ.

ಮುಂದಿನ ವಾರ ಪ್ರಾಯೋಗಿಕ ಪರೀಕ್ಷೆ ಇದೆ. ಕ್ಯಾನ್ವಾ, ವಿಡಿಯೊ ಎಡಿಟಿಂಗ್ ಬರುತ್ತದೆ. ಇನ್ನೇನು ಕೇಳಬಹುದು?
— ಗೋಕಾಕ

ಕ್ಯಾನ್ವಾ ಎಲ್ಲರಿಗೂ ಬರುತ್ತದೆ. ಕಚೇರಿಗೆ ಬೇಕಾದವರು ಕಚೇರಿ ಕನ್ನಡವನ್ನು ಮನೆ ಕನ್ನಡ ಮಾಡುವವರು. ನಿಮ್ಮ ಮುಂದೆ ಇಂಥದ್ದೊಂದು ಕಾಗದ ಇಡುತ್ತಾರೆ ಅಂದುಕೊಳ್ಳಿ:

'ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಮುಖ್ಯ ಕೊಳವೆ ಮಾರ್ಗದ ತುರ್ತು ದುರಸ್ತಿ ಕಾಮಗಾರಿಯನ್ನು ಕೈಗೊಂಡಿರುವ ಪ್ರಯುಕ್ತ ದಿನಾಂಕ 12 ಹಾಗೂ 13ರಂದು ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.'

ಇದನ್ನು ಹಾಗೇ ನೀಲಿ ಬಣ್ಣದ ಪೋಸ್ಟರ್ ಮೇಲೆ ಅಂಟಿಸಿ ಕೊಟ್ಟರೆ ನಪಾಸು. 'ವ್ಯತ್ಯಯ' ಅಂದರೆ ನೀರು ತಡವಾಗಿ ಬರುತ್ತದೆಯೋ, ಬರುವುದೇ ಇಲ್ಲವೋ? ಯಾವ ವಾರ್ಡ್? ನಮ್ಮ ಊರುಗಳಲ್ಲಿ ನೀರು ಪಾಳಿ ಮೇಲೆ ಬರುವುದೇ ಹೆಚ್ಚು. 12ಕ್ಕೆ ಪಾಳಿ ಇದ್ದವರಿಗೆ ಮುಂದೆ ಯಾವಾಗ? ಕಾಮೆಂಟ್‌ನಲ್ಲಿ ಜನ ಕೇಳುವುದು ಇದೊಂದನ್ನೇ: 'ನಮ್ಮ ಪಾಳಿ ಯಾವಾಗ್ರಿ?' ಕಾಗದದಲ್ಲಿ ಉತ್ತರ ಇಲ್ಲ. ಪರೀಕ್ಷೆಯಲ್ಲಿ ಎದ್ದು ನಿಂತು, 'ಸರ್, ವಾರ್ಡ್ ಸಂಖ್ಯೆ ಮತ್ತು ಬದಲಿ ದಿನ ಎಂಜಿನಿಯರ್ ಹತ್ತಿರ ಕೇಳಬೇಕಾಗುತ್ತದೆ' ಎನ್ನಿ. ಅಷ್ಟಕ್ಕೇ ಅರ್ಧದಷ್ಟು ಅಂಕ ಬಂದ ಹಾಗೆ. ಉತ್ತರ ಸಿಕ್ಕಿತು ಅಂದುಕೊಂಡರೆ ಪೋಸ್ಟ್ ಹೀಗಿರಲಿ:

'12, 13ರಂದು ವಾರ್ಡ್ 4, 7, 9ರಲ್ಲಿ ನಳಕ್ಕೆ ನೀರು ಬರುವುದಿಲ್ಲ. ಮುಖ್ಯ ಪೈಪ್ ದುರಸ್ತಿ ನಡೆದಿದೆ. 12ರ ಪಾಳಿಯವರಿಗೆ 14ಕ್ಕೆ, 13ರ ಪಾಳಿಯವರಿಗೆ 15ಕ್ಕೆ ನೀರು. ಟ್ಯಾಂಕರ್ ಬೇಕಾದರೆ ಸಹಾಯವಾಣಿಗೆ ಕರೆ ಮಾಡಿ.'

ದಿನಾಂಕ ಮತ್ತು ವಾರ್ಡ್ ಮೊದಲ ಸಾಲಿನಲ್ಲೇ ಬಂದದ್ದನ್ನು ಗಮನಿಸಿ. ಫೋನಿನಲ್ಲಿ 'ಇನ್ನಷ್ಟು ನೋಡಿ' ಒತ್ತುವವರು ಕಡಿಮೆ.

ಅಳತೆಯ ಲೆಕ್ಕವೂ ಗೊತ್ತಿರಲಿ. ಎಕ್ಸ್‌ನಲ್ಲಿ ಸಾಮಾನ್ಯ ಪೋಸ್ಟ್‌ಗೆ 280 ಅಕ್ಷರ. ಆದರೆ ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆ ಎಲ್ಲವನ್ನೂ ಬೇರೆಬೇರೆ ಎಣಿಸುತ್ತದೆ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಲೆಕ್ಕಕ್ಕೆ 6. ಎಸ್‌ಎಂಎಸ್ ಇನ್ನೂ ಬಿಗಿ: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70. ಅದನ್ನು ದಾಟಿದರೆ ಎರಡು ಎಸ್‌ಎಂಎಸ್‌ನ ಖರ್ಚು, ಅದೂ ಸಾವಿರಾರು ಮನೆಗಳಿಗೆ. ರೀಲ್ಸ್‌ಗೆ ಅಳತೆ 1080 × 1920, ಕೆಳಗಿನ ಭಾಗದಲ್ಲಿ ಅಕ್ಷರ ಇಡಬೇಡಿ, ಅಲ್ಲಿ ಆ್ಯಪ್‌ನ ಬಟನ್, ಹೆಸರು ಬಂದು ಕೂರುತ್ತವೆ.

ಜುಲೈ, ಆಗಸ್ಟ್‌ನಲ್ಲಿ ಪರೀಕ್ಷೆ ಇದ್ದರೆ ಪ್ರವಾಹದ ಪ್ರಶ್ನೆ ಬಂದೇ ಬರುತ್ತದೆ ಅನ್ನಬಹುದು. ಯಾವ ನದಿಗೆ ಯಾವ ಜಲಾಶಯ, ಅಂದರೆ ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಕೃಷ್ಣೆಗೆ ಆಲಮಟ್ಟಿ, ಇದು ಬಾಯಿಪಾಠ ಆಗಿರಬೇಕು. ಕ್ಯುಸೆಕ್ ಎಂದರೆ ಹರಿವು, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಎಂದರೆ ಸಂಗ್ರಹ. ಒಳಹರಿವಿನ ಅಂಕಿಯನ್ನು ಹೊರಹರಿವಿನ ಜಾಗದಲ್ಲಿ ಹಾಕಿದರೆ ನದಿದಂಡೆಯ ಊರುಗಳು ಸುಮ್ಮನೆ ಗಂಟುಮೂಟೆ ಕಟ್ಟುತ್ತವೆ, ಇಲ್ಲವೇ ಕಟ್ಟಬೇಕಾದಾಗ ಕಟ್ಟುವುದಿಲ್ಲ. ಚಿತ್ರಕ್ಕೆ ತಾರೀಖು ಮತ್ತು ಗಂಟೆ ಎರಡೂ ಇರಬೇಕು. ಕಲ್ಲೋಳ-ಯಡೂರ ಸೇತುವೆ ಮುಳುಗಿದ ಹಳೆಯ ವಿಡಿಯೊ ಮಳೆಗಾಲದಲ್ಲಿ ಮತ್ತೆ ಓಡಾಡಿದರೆ, ಗಂಟೆ ಹಾಕಿದ ಹೊಸ ಚಿತ್ರವೇ ಅದಕ್ಕೆ ಮದ್ದು.

ಸಂದರ್ಶನದಲ್ಲಿ 'ಯಾರಾದರೂ ಬೈದು ಕಾಮೆಂಟ್ ಹಾಕಿದರೆ?' ಎಂದು ಕೇಳಿದರೆ 'ಡಿಲೀಟ್ ಮಾಡುತ್ತೇನೆ' ಎನ್ನಬೇಡಿ. ಅಳಿಸಿದ ಕಾಮೆಂಟ್ ಸ್ಕ್ರೀನ್‌ಶಾಟ್ ಆಗಿ ಹತ್ತು ಗ್ರೂಪ್ ಸುತ್ತುತ್ತದೆ. ದೂರಾಗಿದ್ದರೆ ಸಂಬಂಧಪಟ್ಟ ಶಾಖೆಗೆ ಕಳಿಸಿ, ದೂರಿನ ಸಂಖ್ಯೆಯನ್ನು ಅಲ್ಲೇ ಉತ್ತರವಾಗಿ ಹಾಕಬೇಕು. ಜಾತಿ ನಿಂದನೆ, ಬೆದರಿಕೆ ಇದ್ದರೆ ಮೊದಲು ದಾಖಲಿಸಿಕೊಂಡು ಆಮೇಲೆ ಮರೆಮಾಡಬೇಕು. ಬೆಳಗಾವಿಯಲ್ಲಾದರೆ ಮರಾಠಿ ಕಾಮೆಂಟ್ ಓದಿ ಅರ್ಥ ಮಾಡಿಕೊಳ್ಳಬಲ್ಲವರಿಗೆ ಕೆಲಸ ಹಗುರ. ಉತ್ತರ ಮಾತ್ರ ಆಡಳಿತ ಭಾಷೆಯಾದ ಕನ್ನಡದಲ್ಲಿ.

ಕಚೇರಿಯಿಂದ ಬಂದ ಫೈಲ್ ಕಾಪಿ ಮಾಡಿ ಫೇಸ್‌ಬುಕ್‌ಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಬರುತ್ತವೆ.
— ಸವದತ್ತಿ

ಅದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್. ಅಲ್ಲಿ ಅಕ್ಷರ ಒಳಗೆ ಇಂಗ್ಲಿಷ್ ಸಂಕೇತವೇ, ಮೇಲೆ ಕನ್ನಡದ ಅಂಗಿ ತೊಟ್ಟಿರುತ್ತದೆ. ಫೇಸ್‌ಬುಕ್ ಆ ಅಂಗಿ ಕಳಚುತ್ತದೆ. ಆಸ್ಕಿ ಎಂಬ ಈ ಹಳೆಯ ಸಂಕೇತದಿಂದ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ, ಆಮೇಲೆ ಕಡ್ಡಾಯವಾಗಿ ಒಮ್ಮೆ ಓದಿ. ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳಲ್ಲಿ ತಪ್ಪು ಉಳಿಯುತ್ತದೆ. ಹೊಸದಾಗಿ ಟೈಪ್ ಮಾಡುವಾಗ ನುಡಿಯಲ್ಲೇ ಯುನಿಕೋಡ್ ಆಯ್ಕೆ ಇಟ್ಟುಕೊಂಡರೆ ಈ ಗೋಳೇ ಇಲ್ಲ.

ಮಾಸಿಕ 20,000 ಎಂದು ಸೇರಿಸಿಕೊಂಡರು. ಕೈಗೆ ಬರುವುದು 15,450. ಇದು ಸರಿಯೇ?
— ವಿಜಯಪುರ

ಲೆಕ್ಕ ಹಾಕಿ ನೋಡೋಣ. ನಿಮ್ಮ ಪಾಲಿನ ಪಿಎಫ್ ಶೇ 12. ಅದನ್ನು 15,000ದ ಮಿತಿಗೆ ಹಿಡಿದರೆ 1,800. ಇಎಸ್‌ಐ (ನೌಕರರ ರಾಜ್ಯ ವಿಮೆ) ಶೇ 0.75, ಅಂದರೆ 150. ವೃತ್ತಿ ತೆರಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಇಲ್ಲ. ಕೈಗೆ 18,050 ಬರಬೇಕು. ಪಿಎಫ್ ಅನ್ನು ಪೂರ್ತಿ ಸಂಬಳದ ಮೇಲೆ ಹಿಡಿದರೂ 17,450.

15,450 ಆಗುವುದು ಹೇಗೆಂದರೆ: ಏಜೆನ್ಸಿ ತನ್ನ ಪಾಲಿನ ಪಿಎಫ್ 1,800, ಅದರ ವಿಮೆ ಮತ್ತು ಆಡಳಿತ ಶುಲ್ಕ 150, ಇಎಸ್‌ಐ ಶೇ 3.25 ಅಂದರೆ 650, ಒಟ್ಟು 2,600ನ್ನೂ ನಿಮ್ಮ ತಟ್ಟೆಯಿಂದಲೇ ತೆಗೆದಿದೆ. ಸೇವಾ ಶುಲ್ಕ ಅತಿ ಕಡಿಮೆ ಹೇಳಿ ಟೆಂಡರ್ ಹಿಡಿದವರು ಲಾಭವನ್ನು ಇನ್ನೆಲ್ಲಿಂದ ತೆಗೆಯಬೇಕು?

ಈಗ ನೋಡಬೇಕಾದದ್ದು ಕಾರ್ಯಾದೇಶದ ದರಪಟ್ಟಿ. 20,000 ಎಂಬುದು ಕೆಲಸಗಾರರ ವೇತನವೋ, ಏಜೆನ್ಸಿಗೆ ಕೊಡುವ ಒಟ್ಟು ಮೊತ್ತವೋ ಅದರಲ್ಲಿ ಇರುತ್ತದೆ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ. 'ಇಂಥ ಸಾಲಿನ ಹೊರಗುತ್ತಿಗೆ ಕಾರ್ಯಾದೇಶ, ದರಪಟ್ಟಿ ಮತ್ತು ಏಜೆನ್ಸಿ ಸಲ್ಲಿಸಿದ ಪಿಎಫ್ ಚಲನ್‌ಗಳ ದೃಢೀಕೃತ ಪ್ರತಿ' ಎಂದಷ್ಟೇ ಬರೆಯಿರಿ. 'ಏಕೆ ಕಡಿತ ಮಾಡಿದ್ದೀರಿ' ಎಂದು ಪ್ರಶ್ನೆ ಹಾಕಿದರೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂದು ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಅಷ್ಟರೊಳಗೆ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ಕಡಿತವಾದ ಹಣ ತಿಂಗಳು ತಿಂಗಳು ಜಮೆಯಾಗಿದೆಯೇ ನೋಡಿ. ಆಗಿಲ್ಲವಾದರೆ ಅದು ಇನ್ನೂ ದೊಡ್ಡ ದೂರು, ಪಿಎಫ್ ಕಚೇರಿಗೆ ನೇರ ಕೊಡಬಹುದು.

ಐದು ವರ್ಷ ಹೀಗೇ ಮಾಡಿದರೆ ಖಾಯಂ ಮಾಡುತ್ತಾರಾ?
— ಬಾಗಲಕೋಟೆ

ಆ ಆಸೆ ಇಟ್ಟುಕೊಂಡು ಸೇರಬೇಡಿ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ನಿಯಮದಂತೆ ನೇಮಕವಾಗದವರಿಗೆ ಬರೀ ಹಲವು ವರ್ಷ ದುಡಿದ ಕಾರಣಕ್ಕೆ ಖಾಯಂ ಆಗುವ ಹಕ್ಕಿಲ್ಲ. ಹೊರಗುತ್ತಿಗೆಯವರು ಕಾಗದದ ಮೇಲೆ ಕಚೇರಿಯ ನೌಕರರೂ ಅಲ್ಲ. ಯೋಜನೆಯ ಹುದ್ದೆ ಯೋಜನೆಯ ಜೊತೆ ಮುಗಿಯುತ್ತದೆ. 2016ರ ಮೊದಲ ಪಟ್ಟಿಯಲ್ಲೇ ಬೆಳಗಾವಿಯನ್ನು ಸೇರಿಸಿಕೊಂಡ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಎರಡು ವರ್ಷದ ಅನುಭವ ಪತ್ರವನ್ನು ಕಚೇರಿಯ ಅಧಿಕಾರಿಯ ಸಹಿಯೊಂದಿಗೆ ಕೇಳಿ ಪಡೆಯಿರಿ, ಏಜೆನ್ಸಿಯದು ಮಾತ್ರ ಸಾಲದು. ಅದರಲ್ಲಿ 'ಡಾಟಾ ಎಂಟ್ರಿ' ಎಂದಿರದೆ ಮಾಡಿದ ಕೆಲಸದ ವಿವರ ಇರಲಿ.

ನಮ್ಮ ಕಚೇರಿ ಪೇಜ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟ. ಪಾಸ್‌ವರ್ಡ್ ಕೇಳಿದರೆ 'ಅದು ನನ್ನ ಸ್ವಂತ ಅಕೌಂಟಿಂದು' ಅಂತಾನೆ. ಹೊಸಬರನ್ನು ತೆಗೆದುಕೊಳ್ಳುವಾಗ ಏನು ಮಾಡಬೇಕು?
— ಪುರಸಭೆ ಸಿಬ್ಬಂದಿ, ಬಾಗಲಕೋಟೆ ಜಿಲ್ಲೆ

ಹುಡುಗ ಸುಳ್ಳು ಹೇಳುತ್ತಿಲ್ಲ. ಫೇಸ್‌ಬುಕ್ ಪೇಜ್‌ಗೆ ಬೇರೆ ಪಾಸ್‌ವರ್ಡ್ ಎಂಬುದೇ ಇಲ್ಲ, ಅದು ಅಡ್ಮಿನ್‌ಗಳ ವೈಯಕ್ತಿಕ ಖಾತೆಗೆ ಅಂಟಿಕೊಂಡಿರುತ್ತದೆ. ಅವನ ಪಾಸ್‌ವರ್ಡ್ ಕೇಳಬೇಡಿ. ಅವನನ್ನೇ ಚಹಾಕ್ಕೆ ಕರೆದು ಕೂರಿಸಿ, ಪೇಜ್ ಸೆಟ್ಟಿಂಗ್ಸ್‌ನಲ್ಲಿ ಕಚೇರಿಯ ಇಬ್ಬರು ಖಾಯಂ ಸಿಬ್ಬಂದಿಗೆ ಪೂರ್ಣ ನಿಯಂತ್ರಣ ಕೊಡಿಸಿ. ಅವರಿಬ್ಬರೂ ಒಪ್ಪಿಗೆ ಒತ್ತಿ ಒಳಗೆ ಬಂದ ಮೇಲಷ್ಟೇ ಅವನನ್ನು ತೆಗೆಯಿರಿ, ಮೊದಲೇ ತೆಗೆದರೆ ಪೇಜ್ ಅನಾಥ.

ಹೊಸಬರಿಗೆ ಪೋಸ್ಟ್ ಮಾಡುವ ಅಧಿಕಾರ ಸಾಕು, ಪೂರ್ಣ ನಿಯಂತ್ರಣ ಬೇಡ. ಎಕ್ಸ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳನ್ನು ಕಚೇರಿಯ ಸರ್ಕಾರಿ ಇ-ಮೇಲ್‌ನಿಂದಲೇ ತೆರೆಯಿರಿ. ಎರಡು ಹಂತದ ದೃಢೀಕರಣದ ಒಟಿಪಿ ಕಚೇರಿಯ ಸಿಮ್‌ಗೆ ಬರಲಿ, ಆ ಸಿಮ್‌ಗೆ ರೀಚಾರ್ಜ್ ಮಾಡಿಸುವವರು ಯಾರು ಎಂಬುದನ್ನೂ ಬರೆದಿಡಿ. ನಗಬೇಡಿ, ಸಿಮ್ ಬಂದ್ ಬಿದ್ದರೆ ಒಟಿಪಿಯೂ ಇಲ್ಲ, ಖಾತೆಯೂ ಇಲ್ಲ.

ಟೆಂಡರ್ ಷರತ್ತಿನಲ್ಲೇ ಎರಡು ಸಾಲು ಸೇರಿಸಿ: ಎಲ್ಲ ಖಾತೆ, ಮೂಲ ಚಿತ್ರ, ವಿಡಿಯೊ ಕಚೇರಿಯ ಸ್ವತ್ತು. ಕೊನೆಯ ತಿಂಗಳ ಬಿಲ್ ಪಾವತಿ ಹಸ್ತಾಂತರ ಪತ್ರದ ನಂತರ. ಪ್ರತಿ ಪೋಸ್ಟ್‌ಗೂ ಅಧಿಕಾರಿಯ ಒಪ್ಪಿಗೆ ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಫಲಾನುಭವಿಗಳ ಪಟ್ಟಿ ಹಾಕುವಾಗ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಕಾಣದಂತೆ ನೋಡಿಕೊಳ್ಳಲಿ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಮುಖ, ಹೆಸರು, ಶಾಲೆ ಯಾವುದನ್ನೂ ಹಾಕುವಂತಿಲ್ಲ, ಪೋಕ್ಸೊ ಕಾಯ್ದೆಯಡಿ ಅಪರಾಧ. ಚುನಾವಣೆ ಘೋಷಣೆಯಾದ ದಿನ ಪೇಜ್‌ನ ಮುಖಪುಟ ಚಿತ್ರದಲ್ಲಿರುವ ಜನಪ್ರತಿನಿಧಿಗಳ ಫೋಟೊ ತೆಗೆಯುವುದು ಯಾರ ಕೆಲಸ ಎಂದೂ ಮೊದಲೇ ಹೆಸರು ಹಿಡಿದು ಬರೆದಿರಿ.