ಲಾಕ್‌ಡೌನ್‌ನಲ್ಲಿ ಅಪ್ಪನ ಕಟಿಂಗ್: ಫೋನಿನಲ್ಲಿ ಕಲಿತ ಕಸುಬು

ಕೊರೊನಾ ಲಾಕ್‌ಡೌನ್‌ನಲ್ಲಿ ಕಟಿಂಗ್ ಶಾಪ್‌ಗಳು ಮುಚ್ಚಿದ್ದಾಗ ಹೇಗೆ ನಿಭಾಯಿಸಿದಿರಿ, ನಮ್ಮ ತಂದೆ ಈಗ ಹೊರಗೆ ಹೋಗುವ ಸ್ಥಿತಿಯಲ್ಲಿಲ್ಲ, ಮನೆಯಲ್ಲೇ ಅವರ ಕೂದಲು ಕತ್ತರಿಸಲು ಕಲಿಯಬಹುದೇ ಎಂದು ಕೇಳಿದ್ದೀರಿ. ಕಲಿಯಬಹುದು. ನಾನು ಕಲಿತಿದ್ದೇನೆ. ಆದರೆ ವಿಡಿಯೊ ನೋಡಿ ಕಲಿತದ್ದಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿ ಕೊನೆಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್ ಇಟ್ಟುಕೊಂಡಿರುವ ಅಣ್ಣ ಒಬ್ಬರು ನನಗೆ ಫೋನಿನಲ್ಲಿ ಕಲಿಸಿದರು. ಆ ಕಾರಣಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮಪ್ಪ ಮದ್ದೂರು ತಾಲ್ಲೂಕಿನವರು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮುಂಜಾನೆಯ ಪಾಳಿ ಇದ್ದ ದಿನವೂ ಗಡ್ಡ ಮಾಡಿಕೊಳ್ಳದೆ ಮನೆ ಬಿಟ್ಟವರಲ್ಲ. 2018ರಲ್ಲಿ ಸಣ್ಣದಾಗಿ ಸ್ಟ್ರೋಕ್ ಆಗಿ ಬಲಗೈ ನಡುಗಲು ಶುರುವಾಯಿತು. ಆಮೇಲೆ ಮೈಸೂರಿಗೆ, ನಮ್ಮ ಮನೆಗೆ ಕರೆತಂದೆವು. ಅಂದಿನಿಂದ ವಾರಕ್ಕೆ ಎರಡು ಸಲ ಶೇವಿಂಗ್, ತಿಂಗಳಿಗೊಂದು ಕಟಿಂಗ್, ಎಲ್ಲ ಆ ಅಣ್ಣನ ಅಂಗಡಿಯಲ್ಲೇ. ಊರಿನಲ್ಲಿ ಕ್ಷೌರದ ಸಾಮಾನಿನ ಹಡಪ ಹಿಡಿದುಕೊಂಡು ಮನೆ ಬಾಗಿಲಿಗೇ ಬಂದು ಹೊಂಗೆ ಮರದ ಕೆಳಗೆ ಕೂರಿಸಿ ಕ್ಷೌರ ಮಾಡುತ್ತಿದ್ದವರಿಗೆ ಸುಗ್ಗಿಯಲ್ಲಿ ರಾಗಿ ಅಳೆದು ಕೊಡುತ್ತಿದ್ದ ಕತೆಯನ್ನು ಅಪ್ಪ ಆ ಕುರ್ಚಿಯಲ್ಲಿ ಕೂತು ಎಷ್ಟು ಸಲ ಹೇಳಿದ್ದಾರೋ.

2020ರ ಮಾರ್ಚ್ 22ರ ಭಾನುವಾರ ಕಟಿಂಗ್‌ಗೆ ಹೋಗುವುದಿತ್ತು. ಅವತ್ತು ಜನತಾ ಕರ್ಫ್ಯೂ. ನಾಳೆ ನಾಡಿದ್ದು ಅನ್ನುವಷ್ಟರಲ್ಲಿ 25ರಿಂದ ಇಡೀ ದೇಶವೇ ಬಾಗಿಲು ಹಾಕಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದ ಸೋಂಕು ವಲಯಗಳ ಪಟ್ಟಿ ಬಂದಾಗ ಕರ್ನಾಟಕದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಮೈಸೂರು ಮೂರೇ ಬಿಗಿ ನಿರ್ಬಂಧದ ಕೆಂಪು ವಲಯ. ಆನ್‌ಲೈನ್‌ನಲ್ಲಿ ಒಳ್ಳೆಯ ಟ್ರಿಮ್ಮರ್ ತರಿಸೋಣವೆಂದರೆ ಅಗತ್ಯ ವಸ್ತು ಬಿಟ್ಟು ಬೇರೇನೂ ತಲುಪಿಸುವಂತಿರಲಿಲ್ಲ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಏಪ್ರಿಲ್ ಅರ್ಧ ಕಳೆಯುವಷ್ಟರಲ್ಲಿ ಅಪ್ಪನ ಕಿವಿಯ ಮೇಲೆ ಕೂದಲು ಇಳಿದಿತ್ತು, ಗಡ್ಡ ಮುಖದ ತುಂಬ ಬೆಳೆದಿತ್ತು. ಅವರು ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುವುದನ್ನು ಬಿಟ್ಟರು. ಕನ್ನಡಿ ಇರುವ ಬಚ್ಚಲಿನಲ್ಲಿ ದೀಪ ಹಾಕುವುದನ್ನೂ ಬಿಟ್ಟರು. ನಾನು ಕೇಳಿದರೆ, "ಇರ್ಲಿ ಬುಡವ್ವ, ಯಾರ್ ನೋಡ್ತಾರೆ ನನ್ನ" ಅಂದರು. ಆ ಮಾತು ನನಗೆ ರೋಗಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಅವತ್ತೇ ಆ ಅಣ್ಣನಿಗೆ ಫೋನ್ ಮಾಡಿದೆ.

ಮನೆಗೆ ಬಂದು ಮಾಡಿಕೊಡಿ ಎಂದು ಕೇಳಲಿಲ್ಲ. ಆಗ ಎಷ್ಟೋ ಜನ ಹಾಗೆ ಗುಟ್ಟಾಗಿ ಕರೆಸಿಕೊಳ್ಳುತ್ತಿದ್ದರು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು ಮಾಡುವ ಕೆಲಸ ಅದು. ಅಪಾಯ ಇಬ್ಬರಿಗೂ ಇತ್ತು. ನಾನು ಕೇಳಿದ್ದು, "ನೀವು ಹೇಳಿಕೊಡಿ, ನಾನು ಮಾಡ್ತೀನಿ" ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ಮೊದ್ಲು ಕತ್ತರಿ ಹಿಡಿಯೋದು ಕಲೀರಿ, ಕೂದ್ಲು ಆಮೇಲೆ" ಅಂದರು. ಮರುದಿನ ಬೆಳಿಗ್ಗೆ ನಂದಿನಿ ಬೂತಿನ ಹತ್ತಿರ ದೂರ ದೂರ ನಿಂತು, ತಮ್ಮ ಒಂದು ಹಳೆಯ ಕತ್ತರಿ, ಒಂದು ತೆಳು ಬಾಚಣಿಗೆ ಪೇಪರಿನಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟು ಹೋದರು. ಮನೆಗೆ ತಂದು ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಚೆನ್ನಾಗಿ ಒರೆಸಿ ಇಟ್ಟೆ.

ಎರಡು ದಿನ ಗಾಳಿಯಲ್ಲಿ ಕತ್ತರಿ ಆಡಿಸಿದ್ದೇ ಪಾಠ. ಉಂಗುರದ ಬೆರಳು ಒಂದು ತೂತಿನಲ್ಲಿ, ಹೆಬ್ಬೆಟ್ಟಿನ ತುದಿ ಮಾತ್ರ ಇನ್ನೊಂದರಲ್ಲಿ. ಹೆಬ್ಬೆಟ್ಟು ಒಂದೇ ಆಡಬೇಕು, ಕೆಳಗಿನ ಅಲಗು ಅಲ್ಲಾಡಬಾರದು. ನೀವು ಬಟ್ಟೆ ಕತ್ತರಿಸುವ ಹಾಗೆ ಎರಡೂ ಅಲಗು ಆಡಿಸಿದರೆ ಬಾಚಣಿಗೆಯ ಮೇಲೆ ಅಳತೆ ನಿಲ್ಲುವುದಿಲ್ಲ. ಅಡುಗೆಮನೆಯ ಕತ್ತರಿ ಬೇಡವೇ ಬೇಡ, ಅದು ಕೂದಲನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಕೂದಲಿನ ಕತ್ತರಿಯಿಂದ ಒಮ್ಮೆಯೂ ಕಾಗದ, ಬಟ್ಟೆ ಕತ್ತರಿಸಬೇಡಿ. ಸಾಣೆ ಹೋಯಿತೆಂದರೆ ಮತ್ತೆ ಸಾಣೆ ಹಿಡಿಸದೆ ಅದು ಕೂದಲಿಗೆ ಆಗುವುದಿಲ್ಲ.

ಮೂರನೇ ದಿನ ಹಿತ್ತಿಲಿನಲ್ಲಿ ಬೆಳಗಿನ ಬೆಳಕಿನಲ್ಲಿ ಅಪ್ಪನನ್ನು ಕೂರಿಸಿದೆ. ಕೊರಳಿಗೆ ಸುತ್ತಲು ಹತ್ತಿ ಬಟ್ಟೆ ತೆಗೆದುಕೊಂಡಿದ್ದೆ, ವಿಡಿಯೊ ಕಾಲ್‌ನಲ್ಲಿ ನೋಡಿದ ತಕ್ಷಣ ಅಣ್ಣ ಬೇಡ ಅಂದರು. ಹತ್ತಿಗೆ ಕೂದಲು ಚುಚ್ಚಿಕೊಳ್ಳುತ್ತದೆ, ಹಳೇ ನೈಲಾನ್ ಸೀರೆಯಾದರೆ ಜಾರಿ ಬೀಳುತ್ತದೆ. ಕುತ್ತಿಗೆಗೆ ಮೊದಲೇ ಸ್ವಲ್ಪ ಪೌಡರ್ ಹಚ್ಚಿದರೆ ಬೆವರಿಗೆ ಕೂದಲು ಅಂಟುವುದಿಲ್ಲ. ತಲೆ ತೊಳೆದು, ಎಣ್ಣೆಯಿಲ್ಲದೆ, ಪೂರ್ತಿ ಒಣಗಿರಬೇಕು. ಒದ್ದೆ ಕೂದಲು ಉದ್ದವಾಗಿ ಎಳೆದುಕೊಂಡಿರುತ್ತದೆ. ಸರಿಯಾಗಿದೆ ಎಂದು ಕತ್ತರಿಸಿದರೆ ಒಣಗಿದ ಮೇಲೆ ಗಿಡ್ಡವಾಗಿ ಕೂರುತ್ತದೆ. ಅಂಗಡಿಯಲ್ಲಿ ನೀರು ಚಿಮುಕಿಸಿ ಕತ್ತರಿಸುತ್ತಾರಲ್ಲ ಎಂದು ಕೇಳಿದೆ. ಅವರಿಗೆ ಎಷ್ಟು ಕುಗ್ಗುತ್ತದೆಂಬ ಲೆಕ್ಕ ಕೈಯಲ್ಲೇ ಇರುತ್ತದೆ, ನಮಗೆ ಇರುವುದಿಲ್ಲ.

ಕೆಲಸ ಹಿಂದಲೆಯಿಂದ ಶುರು. ಬಾಚಣಿಗೆಯನ್ನು ಕತ್ತಿನಿಂದ ಮೇಲಕ್ಕೆ ಹತ್ತಿಸುತ್ತಾ ಹೋಗಿ, ಹಲ್ಲುಗಳಿಂದ ಆಚೆ ಚಾಚಿದಷ್ಟು ಕೂದಲನ್ನು ಮಾತ್ರ ಕತ್ತರಿಸಿ. ಹಿಂದಲೆಯಲ್ಲಿ ಮೂಳೆ ಉಬ್ಬಿರುವ ಕಡೆ ಬಂದಾಗ ಬಾಚಣಿಗೆಯನ್ನು ತಲೆಯಿಂದ ಆಚೆಗೆ ವಾಲಿಸಿ. ಅಲ್ಲಿ ವಾಲಿಸದೆ ತಲೆಗೆ ಅಂಟಿಸಿಕೊಂಡೇ ಮೇಲೆ ಹೋದರೆ ಮೆಟ್ಟಿಲು ಬಿದ್ದ ಹಾಗಾಗುತ್ತದೆ. ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ ಎಂದು ಮೊದಲೇ ನೋಡಿಕೊಂಡು ಅಲ್ಲಿ ಅರ್ಧ ಬೆರಳಷ್ಟು ಹೆಚ್ಚಿಗೆ ಬಿಡಬೇಕು. ಸುಳಿಯ ಕೂದಲು ಗಿಡ್ಡವಾದರೆ ಎದ್ದು ನಿಲ್ಲುತ್ತದೆ, ಬಾಚಿದರೂ ಮಲಗುವುದಿಲ್ಲ. ಮುಂದಲೆಯನ್ನು ಎರಡು ಬೆರಳ ನಡುವೆ ಹಿಡಿದು ಅಡ್ಡಡ್ಡ ಕತ್ತರಿಸಬೇಡಿ. ಕತ್ತರಿಯ ತುದಿಯನ್ನು ಕೂದಲಿನ ತುದಿಗೆ ನೇರವಾಗಿ ಹಿಡಿದು ಸಣ್ಣ ಸಣ್ಣದಾಗಿ ಕಚ್ಚಿಸಿದರೆ ತಪ್ಪು ಕಾಣುವುದಿಲ್ಲ. ಕಿವಿಯನ್ನು ಎಡಗೈ ಬೆರಳಿನಿಂದ ಮಡಚಿ ಮುಚ್ಚಿಕೊಂಡೇ ಅದರ ಸುತ್ತ ಹೋಗಬೇಕು.

ನನ್ನ ಯಜಮಾನರಿಗೆ ಮನೆಯಲ್ಲಿದ್ದ ಗಡ್ಡದ ಟ್ರಿಮ್ಮರನ್ನೇ ಬಳಸಿದೆ. ಗಡ್ಡದ ಟ್ರಿಮ್ಮರ್ ಮೋಟರಿಗೆ ಶಕ್ತಿ ಕಡಿಮೆ, ದಟ್ಟ ಕೂದಲಿಗೆ ಸಿಕ್ಕಿ ನಿಂತು ಎಳೆಯುತ್ತದೆ. ಮೊದಲು ಕತ್ತರಿಯಿಂದ ಗಿಡ್ಡ ಮಾಡಿಕೊಳ್ಳಿ. ಟ್ರಿಮ್ಮರಿನ ಬಾಯಿಗೆ ಸಿಕ್ಕಿಸುವ ಬಾಚಣಿಗೆಯಂಥ ಕ್ಲಿಪ್ಪುಗಳಲ್ಲಿ ದೊಡ್ಡ ಅಳತೆಯದರಿಂದ ಆರಂಭಿಸಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಓಡಿಸಿ. ಕಮ್ಮಿ ಮಾಡುವುದು ಯಾವಾಗಲೂ ಆಗುತ್ತದೆ.

ಅಪ್ಪನ ಗಡ್ಡ ಬೇರೆಯೇ ವಿಷಯ, ನಿಮ್ಮ ತಂದೆಗೂ ಇದು ಬೇಕಾಗಬಹುದು. ಅವರು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಪಟಿಕ ಉಜ್ಜಿದರಾಯಿತು ಎಂದುಕೊಂಡಿದ್ದೆ. ಅಣ್ಣ ಬ್ಲೇಡ್ ಮುಟ್ಟಲೇಬೇಡಿ ಅಂದರು. ಕ್ಲಿಪ್ ತೆಗೆದ ಟ್ರಿಮ್ಮರಿನಿಂದ ಮಾಡಿ, ಸ್ವಲ್ಪ ಚುಚ್ಚುವಷ್ಟು ಉಳಿದರೆ ಉಳಿಯಲಿ. ವಯಸ್ಸಾದವರ ಕೆನ್ನೆಯ ಚರ್ಮ ಸಡಿಲ. ಒಂದು ಕೈಯಲ್ಲಿ ಕಿವಿಯ ಕಡೆಗೆ ಮೆಲ್ಲಗೆ ಎಳೆದು ಬಿಗಿ ಮಾಡಿಕೊಂಡೇ ಇನ್ನೊಂದು ಕೈಯಲ್ಲಿ ಟ್ರಿಮ್ಮರ್ ಓಡಿಸಬೇಕು. ಕೂರಲಾಗದವರಾದರೆ ಒಂದು ಮಗ್ಗುಲಿಗೆ ಮಲಗಿಸಿ ಅರ್ಧ ತಲೆ ಇವತ್ತು, ಇನ್ನರ್ಧ ನಾಳೆ. ಒಂದೇ ಸಲ ಮುಗಿಸುವ ಹಟ ಬೇಡ.

ನನಗೆ ಬುದ್ಧಿ ಬಂದ ಮೇಲೆ ಅಪ್ಪನ ಕೆನ್ನೆ ಮುಟ್ಟಿದ್ದು ಅದೇ ಮೊದಲು. ನಮ್ಮ ಕಡೆ ಬೆಳೆದ ಹೆಣ್ಣುಮಕ್ಕಳು ತಂದೆಯ ಕಾಲು ಮುಟ್ಟುತ್ತಾರೆ, ಮುಖ ಮುಟ್ಟುವುದಿಲ್ಲ. ಗಲ್ಲದ ಕೆಳಗೆ ಒಂದು ಹಳೆಯ ಗಾಯದ ಗೆರೆ ಇದೆ, ಅದನ್ನು ನಾನು ಕಂಡಿದ್ದೇ ಅವತ್ತು. ಮುಗಿದ ಮೇಲೆ ಸ್ನಾನ ಮಾಡಿ ಬಂದು ಕನ್ನಡಿ ಕೇಳಿ ಇಸಿದುಕೊಂಡರು. ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕು ಅಂದರು.

ಮಗನದು ಇನ್ನೊಂದು ಸಂಕಟ. ಅವನಿಗೆ ಆಗ ಎರಡು ತುಂಬಿ ಮೂರನೇ ವರ್ಷ ನಡೆಯುತ್ತಿತ್ತು. ಆ ಏಪ್ರಿಲ್‌ನಲ್ಲಿ ನಂಜನಗೂಡಿನಲ್ಲಿ ನಂಜುಂಡೇಶ್ವರನಿಗೆ ಮುಡಿ ಕೊಡಬೇಕಿತ್ತು. ಮುಡಿ ತೆಗೆಸುವ ತನಕ ಕತ್ತರಿ ತಾಗಿಸುವ ಹಾಗಿಲ್ಲ. ಮೇ ತಿಂಗಳ ಸೆಕೆಯಲ್ಲಿ ಹಣೆಗೆಲ್ಲ ಕೂದಲು ಬಿದ್ದು ಬೆವರುಗುಳ್ಳೆ ಎದ್ದಿತ್ತು. ಜೂನ್ 8ಕ್ಕೆ ದೇವಸ್ಥಾನಗಳು ತೆರೆದಾಗಲೂ ಮೊದಲಿಗೆ ದರ್ಶನ ಮಾತ್ರ. ಸುಮ್ಮನೆ ಕತ್ತರಿಸಿಬಿಡಿ, ದೇವರು ಬೇಡ ಅನ್ನುತ್ತಾನಾ ಎಂದವರೂ ಇದ್ದರು. ನನಗೆ ಮನಸ್ಸು ಒಪ್ಪಲಿಲ್ಲ, ಅಪ್ಪ ಹರಸಿಕೊಂಡಿದ್ದ ಮುಡಿ ಅದು. ಹಳೇ ಹತ್ತಿ ಬಟ್ಟೆಯ ಪಟ್ಟಿಯಿಂದ ಎರಡು ಜುಟ್ಟು ಕಟ್ಟುತ್ತಿದ್ದೆ. ರಬ್ಬರ್ ಬ್ಯಾಂಡ್ ಬೇಡ, ಎಳೆಮಕ್ಕಳ ಕೂದಲಿನ ಬುಡ ಜಗ್ಗುತ್ತದೆ. ಕೊನೆಗೆ ಮೂರು ತುಂಬುವ ಮೊದಲು, 2021ರ ಫೆಬ್ರವರಿಯಲ್ಲಿ, ಕಪಿಲಾ ನದಿಯ ದಡದಲ್ಲಿ ಅಪ್ಪ ತಮ್ಮ ತೊಡೆಯ ಮೇಲೇ ಕೂರಿಸಿಕೊಂಡು ಮುಡಿ ತೆಗೆಸಿದರು.

ಈಗ ಆ ಅಣ್ಣನ ವಿಷಯ. ಇದನ್ನು ಹೇಳದೆ ನಿಭಾಯಿಸಿದ ಕತೆ ಹೇಳಿದರೆ ತಪ್ಪಾಗುತ್ತದೆ. ಮೊದಲ ಪಾಠದ ದಿನವೇ ಒಂದು ಕಟಿಂಗ್, ಒಂದು ಶೇವಿಂಗ್ ಲೆಕ್ಕ ಹಾಕಿ ದುಡ್ಡು ಫೋನ್‌ನಲ್ಲಿ ಕಳಿಸಿದೆ. "ಕೆಲ್ಸ ಮಾಡ್ದೆ ಹೆಂಗೆ ಈಸ್ಕೊಳ್ಳಲಿ ಅಕ್ಕ" ಎಂದು ವಾಪಸ್ ಕಳಿಸಲು ಹೋದರು. ಹೇಳಿಕೊಟ್ಟ ಮೇಷ್ಟರ ಸಂಬಳ ಇದು ಎಂದೆ. ಆಮೇಲೆ ಪ್ರತಿ ಸಲವೂ ಕೊಟ್ಟೆವು. ಅಂಗಡಿ ಬಾಡಿಗೆ ನಿಂತಿರಲಿಲ್ಲ. ಅವರ ಜೊತೆ ಕೆಲಸಕ್ಕಿದ್ದ ಹುಡುಗ ತಿ. ನರಸೀಪುರದ ಕಡೆಯವನು, ಊರಿಗೆ ಹೋದವನು ಬಂದಿರಲಿಲ್ಲ. ಅವರ ಒಡಹುಟ್ಟಿದವರು ನಾದಸ್ವರ ನುಡಿಸುತ್ತಾರೆ. ಹಳೇ ಮೈಸೂರು ಕಡೆಯ ಸವಿತಾ ಸಮಾಜದ ಎಷ್ಟೋ ಮನೆಗಳಲ್ಲಿ ಒಬ್ಬರು ಕತ್ತರಿ ಹಿಡಿದರೆ ಇನ್ನೊಬ್ಬರು ವಾಲಗ ಊದುತ್ತಾರೆ. ಏಪ್ರಿಲ್, ಮೇ ಮದುವೆಗಳ ಕಾಲ. ಐವತ್ತು ಜನರೊಳಗೆ ಮುಗಿಸಬೇಕಾದ ಮದುವೆಗೆ ವಾಲಗ ಕರೆಯುವವರು ಎಲ್ಲಿ? ಒಂದೇ ಮನೆಯ ಎರಡು ಒಲೆಯೂ ಒಂದೇ ಸಲ ಆರಿದ ಹಾಗೆ. ಆ ಕಸುಬಿನ ಹೆಸರನ್ನು ನಮ್ಮಲ್ಲಿ ಬೈಗುಳವಾಗಿ ಬಳಸುತ್ತಾರಲ್ಲ, ಅದನ್ನು ಕೇಳಿದಾಗ ಈಗ ನಾನು ಸುಮ್ಮನಿರುವುದಿಲ್ಲ.

ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿದರು. ಅದರಲ್ಲಿ ಸುಮಾರು 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ ತಲಾ 5,000 ರೂಪಾಯಿ. ಅರ್ಜಿಯನ್ನು ಸೇವಾ ಸಿಂಧು ಎಂಬ ಸರ್ಕಾರಿ ಜಾಲತಾಣದಲ್ಲಿ ಹಾಕಬೇಕಿತ್ತು. ಅವರ ಫೋನಿನಲ್ಲಿ ಆಗದೆ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಾನು ತುಂಬಿಸಿ ಕೊಟ್ಟೆ.

ಮೇ 19ರಿಂದ ರಾಜ್ಯದಲ್ಲಿ ಕ್ಷೌರದಂಗಡಿಗಳಿಗೆ ಅನುಮತಿ ಸಿಕ್ಕಿತು. ಅವತ್ತು ಮಂಗಳವಾರ, ನಮ್ಮ ಕಡೆ ಕಟಿಂಗ್ ಶಾಪ್‌ಗಳ ವಾರದ ರಜೆ. ಅಷ್ಟು ದಿನ ಕಾದಿದ್ದವರು ಮಂಗಳವಾರ ಕತ್ತರಿ ಮುಟ್ಟಲಿಲ್ಲ. ಅಂಗಡಿ ತೊಳೆದು, ಕನ್ನಡಿ ಒರೆಸಿ, ಬುಧವಾರ ಬೆಳಿಗ್ಗೆ ಪೂಜೆ ಮಾಡಿ ತೆರೆದರು. ಅತಿ ಹೆಚ್ಚು ಗಿರಾಕಿ ಬರುವ ಭಾನುವಾರ, 24ರಂದು, ಮತ್ತೆ ರಾಜ್ಯವೆಲ್ಲ ಬಂದ್. ಸೋಮವಾರ ಅಪ್ಪನನ್ನು ಕರೆದುಕೊಂಡು ಹೋದೆ. ನಾನು ಕತ್ತರಿಸಿದ ಹಿಂದಲೆಯನ್ನು ಬಾಚಣಿಗೆಯಿಂದ ಎತ್ತಿ ನೋಡಿ, "ಎಡಗಡೆ ಕಿವಿ ಹಿಂದೆ ಒಂಚೂರು ಜಾಸ್ತಿ ಹೋಗಿದೆ, ಉಳಿದದ್ದು ಸರಿಯಾಗಿದೆ" ಅಂದರು. ಕತ್ತರಿ ವಾಪಸ್ ಕೊಡಲು ಹೋದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಅದು ಮುಂದಿನ ವರ್ಷವೇ ಬೇಕಾಯಿತು. 2021ರ ಏಪ್ರಿಲ್ 27ರಿಂದ ಮತ್ತೆ ಮುಚ್ಚಿದರು. ಜೂನ್ 14ಕ್ಕೆ ಬೇರೆ ಜಿಲ್ಲೆಗಳಲ್ಲಿ ಸಡಿಲವಾದಾಗಲೂ ಮೈಸೂರು, ಮಂಡ್ಯ ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ಆ ಸಲ ಕ್ಷೌರಿಕರಿಗೆ ಸರ್ಕಾರದ ಪರಿಹಾರ 2,000 ರೂಪಾಯಿ. ನಾವು ಮೇಷ್ಟರ ಸಂಬಳ ನಿಲ್ಲಿಸಲಿಲ್ಲ. ಈಗ ಅಪ್ಪನ ಕಟಿಂಗ್ ಅಂಗಡಿಯಲ್ಲೇ, ಗಡ್ಡ ಮಾತ್ರ ಬುಧವಾರ, ಭಾನುವಾರ ನನ್ನ ಕೈಯಲ್ಲೇ ಆಗಬೇಕು.

ನಿಮ್ಮ ತಂದೆಗೆ ಇಷ್ಟು ದಿನ ಕ್ಷೌರ ಮಾಡುತ್ತಿದ್ದವರು ಯಾರು, ಅವರ ನಂಬರ್ ಇದ್ದರೆ ಮೊದಲು ಅವರನ್ನೇ ಕೇಳಿ. ಲಾಕ್‌ಡೌನ್ ಇಲ್ಲದ ಈ ಕಾಲದಲ್ಲಿ ಮನೆಗೇ ಬಂದು ಮಾಡಿಕೊಟ್ಟಾರು, ಒಂದು ಸಲ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಅವರ ತಲೆಯ ಸುಳಿ, ಮಾತ್ರೆಯ ವಿಷಯ, ಕೂರಲು ಆಗುತ್ತದೆಯೋ ಇಲ್ಲವೋ ಇಲ್ಲಿ ಬರೆದರೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಅಣ್ಣನನ್ನು ಕೇಳಿ ಹೇಳುತ್ತೇನೆ.